ಫೋಮ್‌ಗೆ ಜೇಡಿಮಣ್ಣಿನ ಕವಚ: ಕಾರವಾರದಲ್ಲಿ ಮಾಡಿ ನೋಡಿದ್ದು

ಪಾಲಿಯುರೆಥೇನ್ ಫೋಮ್ ಬರೀ ಉರಿಯುವುದಿಲ್ಲ, ಕರಗಿ ತೊಟ್ಟಿಕ್ಕುತ್ತದೆ. ಕೆಳಗೆ ಬಿದ್ದ ತೊಟ್ಟು ಅಲ್ಲೇ ಇನ್ನೊಂದು ಬೆಂಕಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಮೀನು ಬೋಟಿನ ಕ್ಯಾಬಿನ್‌ನಲ್ಲಿ ಒಲೆಯ ಪಕ್ಕದಲ್ಲೇ ಅಂಥ ಹಾಸಿಗೆ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಅದನ್ನು ಕಂಡ ಮೇಲೆ ಕಾಲೇಜಿನ ಲ್ಯಾಬ್‌ನಲ್ಲಿ ಈ ಪ್ರಯೋಗಕ್ಕೆ ಕೈ ಹಾಕಿದೆ.

ವಿಧಾನ ನನ್ನದಲ್ಲ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 2012ರ ಹೊತ್ತಿಗೇ ಕೈಟೋಸಾನ್ ಮತ್ತು ಮಾಂಟ್‌ಮೊರಿಲೊನೈಟ್ ಜೇಡಿಯನ್ನು ಪದರ ಪದರವಾಗಿ ಫೋಮ್‌ಗೆ ಹಚ್ಚಿ, ಉರಿಯ ಗರಿಷ್ಠ ತೀವ್ರತೆಯನ್ನು ಸುಮಾರು ಅರ್ಧಕ್ಕೆ ಇಳಿಸಿದ್ದರು. ಕೈಟೋಸಾನ್ ಬರುವುದು ಸಿಗಡಿ, ಏಡಿ ಸಿಪ್ಪೆಯಿಂದ. ನಮ್ಮಲ್ಲಿ ಸಿಪ್ಪೆಗೇನು ಬರ! ಆದರೂ ನಾನು ತಯಾರು ಪುಡಿಯನ್ನೇ ಕೊಂಡೆ. ಸಿಪ್ಪೆಯಿಂದ ಅದನ್ನು ತೆಗೆಯಲು ಸಾಂದ್ರ ಕಾಸ್ಟಿಕ್ ಸೋಡಾ ದ್ರಾವಣವನ್ನು ಬಿಸಿ ಮಾಡಬೇಕು, ಆ ಕೆಲಸ ವಿದ್ಯಾರ್ಥಿಗಳ ನಡುವೆ ಬೇಡ.

ಲೀಟರಿಗೆ 1 ಗ್ರಾಂ ಕೈಟೋಸಾನ್, ಕರಗಲು ತುಸು ಅಸಿಟಿಕ್ ಆಮ್ಲ. ಇನ್ನೊಂದು ಬಕೆಟ್‌ನಲ್ಲಿ ಲೀಟರಿಗೆ 10 ಗ್ರಾಂ ಸೋಡಿಯಂ ಬೆಂಟೋನೈಟ್, ಅಂದರೆ ಬಹುಪಾಲು ಮಾಂಟ್‌ಮೊರಿಲೊನೈಟ್ ಇರುವ ಜೇಡಿ. ರಾತ್ರಿಯಿಡೀ ನೆನೆಸಿ, ತಳದ ಮರಳು ಬಿಟ್ಟು ಮೇಲಿನ ತಿಳಿಗೆಸರು ಮಾತ್ರ ಬಳಸಬೇಕು. ಕೈಟೋಸಾನ್ ಧನ ವಿದ್ಯುದಂಶದ್ದು, ಜೇಡಿಯ ಹಾಳೆ ಋಣದ್ದು. ಹಾಗಾಗಿ ಒಂದರ ಮೇಲೊಂದು ತಾವಾಗಿ ಅಂಟುತ್ತವೆ. ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್. ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ.

ಕೆಲಸ ಕಾಡಿದ್ದು ನೀರಿನಲ್ಲಿ. ಉಪ್ಪಿನಂಶ ಇದ್ದರೆ ಜೇಡಿ ಗಂಟು ಕಟ್ಟಿ ತಳ ಸೇರುತ್ತದೆ, ಕಡಲಂಚಿನ ಬಾವಿ ನೀರು ಇದಕ್ಕೆ ಆಗದು. ಮಳೆನೀರು ಸಾಕಷ್ಟಿತ್ತು, ಅದನ್ನೇ ಸೋಸಿ ಬಳಸಿದೆ. ಇನ್ನು ಅದ್ದುವುದು: ಫೋಮನ್ನು ದ್ರಾವಣದೊಳಗೇ ಹಿಂಡಿ ಬಿಡಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಂಡು ಒಳಗಿನ ರಂಧ್ರಗಳು ಒಣಗೇ ಉಳಿಯುತ್ತವೆ. ಒಂದು ಬಕೆಟ್ ಆದ ಮೇಲೆ ಶುದ್ಧ ನೀರಲ್ಲಿ ತೊಳೆದು ಹಿಂಡಿಯೇ ಮತ್ತೊಂದಕ್ಕೆ. ಹೀಗೆ ಹತ್ತು ಜೋಡಿ ಪದರ. ಜುಲೈನಲ್ಲಿ ಬಿಸಿಲೆಲ್ಲಿ? ಕಡಿಮೆ ಉಷ್ಣದ ಓವನ್ನೇ ಗತಿ.

ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ಜ್ವಾಲೆ ಹಿಡಿದೆ. ಸಾದಾ ತುಂಡು ಕುಸಿದು ಹನಿಯಾಯಿತು. ಲೇಪಿತ ತುಂಡಿಗೂ ಬೆಂಕಿ ಹತ್ತಿತು, ಆದರೆ ಹನಿಯಲಿಲ್ಲ. ಮೇಲೆ ಕಪ್ಪು ಚಿಪ್ಪು ಕಟ್ಟಿ ಆಕಾರ ಉಳಿಯಿತು, ಕತ್ತರಿಸಿ ನೋಡಿದರೆ ಒಳಗೆ ಸುಡದ ಹಳದಿ ಫೋಮ್.

ಇದು ಉರಿಯುವಾಗ ಹೊರಬರುವ ಶಾಖವನ್ನು ಅಳೆಯುವ ಕೋನ್ ಕ್ಯಾಲೊರಿಮೀಟರ್ ಯಂತ್ರದ ಪರೀಕ್ಷೆಯಲ್ಲ, ಇದರ ಬಲದ ಮೇಲೆ ಯಾರೂ ಹಾಸಿಗೆ ಮಾರಬಾರದು. ಪದೇ ಪದೇ ಮಡಚಿದರೆ ಬಿಳಿ ಪುಡಿ ಉದುರುತ್ತದೆ. ಕೂರುವ ಸೀಟಿಗಿಂತ ಗೋಡೆಯ ಒಳಪದರಕ್ಕೆ, ಬೆನ್ನಾನಿಕೆಗೆ ಇದು ಹೊಂದುತ್ತದೆ ಎಂದು ನನ್ನ ಲೆಕ್ಕ.