ಒಂಟಿ ತಿರುಗಾಟದ ನಡುವೆ ಕ್ವಾಲಾಲಂಪುರದಲ್ಲಿ ಸುಮ್ನೆ ನಾಲ್ಕು ದಿನ

ಒಬ್ಬರೇ ತಿಂಗಳುಗಟ್ಟಲೆ ತಿರುಗಲು ಹೊರಟವರಿಗೆ ಎರಡು ಮೂರು ವಾರ ಕಳೆಯುವಾಗ ಒಂದು ಸುಸ್ತು ಬರುತ್ತದೆ. ಕಾಲಿಗಲ್ಲ, ತಲೆಗೆ. ಇವತ್ತು ಎಲ್ಲಿ ಮಲಗುವುದು, ನಾಳೆ ಯಾವ ಬಸ್ಸು, ಊಟಕ್ಕೇನು, ಎಲ್ಲಾ ಒಬ್ಬರೇ ತೀರ್ಮಾನ ಮಾಡಬೇಕಲ್ವಾ? ಆಗ ಇನ್ನೊಂದು ಬೀಚು ನೋಡುವುದಕ್ಕಿಂತ ಒಂದೇ ಊರಲ್ಲಿ ನಾಲ್ಕು ದಿನ ಬಿದ್ದುಕೊಳ್ಳುವುದು ಮೇಲು. ವಿಯೆಟ್ನಾಂ, ಇಂಡೊನೇಷ್ಯಾ, ಆಸ್ಟ್ರೇಲಿಯಾ ಅಂತ ಹೋಗುವ ನಮ್ಮ ಕಾಸರಗೋಡು ಕಡೆಯವರಿಗೆ ನಾನು ಹೇಳುವುದು ಮಲೇಷ್ಯಾದ ರಾಜಧಾನಿ ಕ್ವಾಲಾಲಂಪುರ. ಸಿಂಗಾಪುರದಷ್ಟು ಖರ್ಚಿಲ್ಲ. ಬದಿಯಡ್ಕ ಪೇಟೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಶಿ ಮಾಡಿ ಬೆಳೆದವರಿಗೆ ಅಲ್ಲಿನ ತಮಿಳು ಅಂಗಡಿಗಳಲ್ಲಿ ಮಾತಿಗೆ ತೊಂದರೆಯೂ ಆಗುವುದಿಲ್ಲ.

ಕಾಗದಪತ್ರದ ಕೆಲಸ ಸಣ್ಣದು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಅಂತ ಮಾಡಿದ್ದಾರೆ. ಆದರೂ ಟಿಕೆಟ್ ಮಾಡುವ ಮುಂಚೆ ಆಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಇಳಿಯುವುದಕ್ಕೆ ಮುಂಚಿನ 3 ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳುವ ವೆಬ್‌ಸೈಟು ಸಿಕ್ಕಿದರೆ ಅದು ಸರಕಾರದ್ದಲ್ಲ.

ರೂಮು ಮಾತ್ರ ತಾಳ್ಮೆಯಿಂದ ಹುಡುಕಿ. ಪೆಟ್ರೋನಾಸ್ ಅವಳಿ ಗೋಪುರದ ಹತ್ತಿರವೇ ಬೇಕು ಅಂತ ಹಟ ಬೇಡ, ಅದನ್ನು ಒಂದು ಸಂಜೆ ಹೋಗಿ ನೋಡಿದರೆ ಸಾಕು. ಊರಿನ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಉಳಿದರೆ ರೈಲು, ಏರ್‌ಪೋರ್ಟ್ ಬಸ್ಸು, ಬಾಳೆಎಲೆ ಊಟ ಎಲ್ಲಾ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಅಗ್ಗದ ರೂಮುಗಳಲ್ಲಿ ಎಷ್ಟೋ ಸಲ ಕಿಟಿಕಿಯೇ ಇರುವುದಿಲ್ಲ. ಫೋಟೋದಲ್ಲಿ ಪರದೆ ಕಾಣುತ್ತದೆ, ಪರದೆಯ ಹಿಂದೆ ಬರೀ ಗೋಡೆ! ಒಂದು ರಾತ್ರಿಗೆ ನಡೆಯುತ್ತದೆ, ಆದರೆ ವಿಶ್ರಾಂತಿಗೆಂದೇ ಬಂದು ಬೆಳಿಗ್ಗೆ ಆಯಿತೋ ಇಲ್ಲವೋ ಗೊತ್ತಾಗದ ಡಬ್ಬಿಯೊಳಗೆ ನಾಲ್ಕು ದಿನ ಕೂತರೆ ಇದ್ದ ಸುಸ್ತು ದುಪ್ಪಟ್ಟಾಗುತ್ತದೆ. ಕಿಟಿಕಿ ಇದೆ ಅಂತ ಬರೆದಿದ್ದರೆ ಮಾತ್ರ ಬುಕ್ ಮಾಡಿ. ವಿದೇಶಿಯರಿಗೆ ರೂಮಿಗೆ ದಿನಕ್ಕೆ 10 ರಿಂಗಿಟ್ (ಅಲ್ಲಿನ ದುಡ್ಡು) ಪ್ರವಾಸಿ ತೆರಿಗೆ ಬೇರೆ ಇದೆ, ಸಾಮಾನ್ಯವಾಗಿ ಹೋಟೆಲಿನಲ್ಲೇ ಕೇಳುತ್ತಾರೆ. ಪ್ಲಗ್ ನಮ್ಮದಲ್ಲ, ಮೂರು ಚಪ್ಪಟೆ ಕಾಲಿನದು. ಮನೆಯಲ್ಲಿ ಯಾರಾದರೂ ಗಲ್ಫಿನಲ್ಲಿದ್ದರೆ ಅವರ ಹಳೆಯ ಚಾರ್ಜರ್ ಕೇಳಿ ತೆಗೆದುಕೊಳ್ಳಿ.

ಏರ್‌ಪೋರ್ಟಿನಿಂದ ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ತಲುಪಿಸುತ್ತದೆ, ಟಿಕೆಟ್ 55 ರಿಂಗಿಟ್. ಬಸ್ಸಿಗೆ ಸುಮಾರು ಒಂದು ಗಂಟೆ, ಖರ್ಚು ಕಾಲುಭಾಗದಷ್ಟು. ನಿಮಗೆ ಅವಸರ ಏನಿದೆ? ಬಸ್ಸೇ ಸಾಕು.

ಮೊದಲ ದಿನ ಊರು ನೋಡಬೇಡಿ. ಬ್ಯಾಗಿನಲ್ಲಿರುವ ಬಟ್ಟೆ ಅಷ್ಟನ್ನೂ ಹೊರಗೆ ಹಾಕಿ, 'ಡೋಬಿ' ಅಂತ ಬೋರ್ಡಿರುವ ಅಂಗಡಿಗೆ ಒಯ್ಯಿರಿ. ಮೆಷಿನ್ನುಗಳು ಸಾಲಾಗಿರುತ್ತವೆ, ನಾಣ್ಯವೋ ಟೋಕನ್ನೋ ಹಾಕಿ ನಾವೇ ಒಗೆದು ಒಣಗಿಸಿಕೊಳ್ಳುವುದು. ಡ್ರೈಯರಿನಿಂದ ಬಿಸಿಬಿಸಿ ತೆಗೆದ ಟವೆಲು ಕೈಗೆ ಬಂದಾಗ ಅರ್ಧ ಪ್ರವಾಸದ ಆಯಾಸ ಇಳಿದ ಹಾಗಾಗುತ್ತದೆ, ಸತ್ಯ ಹೇಳುತ್ತೇನೆ.

ಇನ್ನು ಹೊಟ್ಟೆಯ ವಿಚಾರ. ಒಬ್ಬರೇ ಕೂತು ತಿನ್ನಲು ಮುಜುಗರ ಆಗುವವರಿಗೆ ಮಾಮಕ್ ಹೋಟೆಲುಗಳೇ ಸರಿ. ತಮಿಳು ಮೂಲದ ಮುಸ್ಲಿಮರು ನಡೆಸುವ ಹೋಟೆಲುಗಳು, ಕೆಲವು ರಾತ್ರಿಯಿಡೀ ತೆರೆದಿರುತ್ತವೆ. ಒಂದು ಚಹಾ ಹಿಡಿದು ಗಂಟೆಗಟ್ಟಲೆ ಕೂತರೂ ಏಳಿ ಅನ್ನುವವರಿಲ್ಲ. ರೊಟ್ಟಿ ಚನಾಯ್ ಅಂದರೆ ನಮ್ಮ ಪೊರೋಟದ ತಮ್ಮ, ಸ್ವಲ್ಪ ತೆಳ್ಳಗೆ. ತೆ ತಾರಿಕ್ ಎತ್ತರದಿಂದ ಸುರಿದು ನೊರೆ ಎಬ್ಬಿಸಿದ ಹಾಲಿನ ಚಹಾ, ಸಿಹಿ ಜಾಸ್ತಿ. ಕಡಿಮೆ ಬೇಕಿದ್ದರೆ 'ಕುರಾಂಗ್ ಮಾನಿಸ್' ಅನ್ನಿ. ಸಸ್ಯಾಹಾರಿಗಳು ಒಂದು ವಿಷಯ ನೆನಪಿಡಿ: ಅಲ್ಲಿನ ಸಂಬಲ್ ಚಟ್ನಿಗೆ ಸಾಮಾನ್ಯವಾಗಿ ಸಿಗಡಿಯ ಪೇಸ್ಟ್ ಹಾಕಿರುತ್ತಾರೆ, ನೋಡಿದರೆ ಬರೀ ಮೆಣಸಿನ ಚಟ್ನಿಯ ಹಾಗೇ ಇರುತ್ತದೆ. ಬ್ರಿಕ್‌ಫೀಲ್ಡ್ಸ್‌ನ ಶುದ್ಧ ಸಸ್ಯಾಹಾರಿ ಹೋಟೆಲಿಗೆ ಹೋದರೆ ಈ ತಲೆಬಿಸಿಯೇ ಇಲ್ಲ.

ದಿನಕ್ಕೆ ಒಂದೇ ಕಡೆ ಹೋಗಿ, ಅದೂ ಬೆಳಿಗ್ಗೆ. ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಮಳೆ ಬರುವುದು ಅಲ್ಲಿ ಮಾಮೂಲು. ನಮ್ಮ ಆಟಿ ಮಳೆಯ ಹಾಗೆ ದಿನವಿಡೀ ಹಿಡಿಯುವುದಿಲ್ಲ, ಸುರಿದು ನಿಲ್ಲುತ್ತದೆ. ಆ ಹೊತ್ತಿಗೆ ರೂಮಿಗೆ ಬಂದು ಮಲಗಿಬಿಡಿ. ಬಟು ಗುಹೆಯ ದೇವಸ್ಥಾನಕ್ಕೆ ಕೆಎಲ್ ಸೆಂಟ್ರಲ್‌ನಿಂದಲೇ ಕೊಮ್ಯೂಟರ್ ರೈಲಿದೆ, ಹೆಂಗಸರಿಗೆ ಬೇರೆ ಬೋಗಿಯೂ ಇದೆ. 42.7 ಮೀಟರ್ ಎತ್ತರದ ಮುರುಗನ ವಿಗ್ರಹದ ಬದಿಯಿಂದ 272 ಮೆಟ್ಟಿಲು ಹತ್ತಬೇಕು. ಬಿಸಿಲೇರುವ ಮುಂಚೆ ಹೋಗಿ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಕೈಯಲ್ಲಿ ತಿಂಡಿಯ ಪೊಟ್ಟಣ ಬೇಡ, ಮಂಗಗಳು ಕಸಿದುಕೊಂಡು ಹೋಗುತ್ತವೆ. ಇನ್ನೊಂದು ದಿನ ಪೆರ್ದಾನಾ ಉದ್ಯಾನದಲ್ಲಿ ಕೆರೆಯ ಸುತ್ತ ನಡೆಯಿರಿ. ಮತ್ತೊಂದು ದಿನ, 1909ರಲ್ಲಿ ಶುರುವಾದ ಜಾಮೆಕ್ ಮಸೀದಿಯ ಹತ್ತಿರ ಕ್ಲಾಂಗ್, ಗೊಂಬಾಕ್ ಹೊಳೆಗಳು ಸೇರುವ ಜಾಗ ನೋಡಿ, ಹಾಗೇ ಸೆಂಟ್ರಲ್ ಮಾರ್ಕೆಟ್ ಕಡೆ ಹೋಗಿ. ಏನೂ ಬೇಡ ಅನಿಸಿದರೆ ಅದೂ ಸರಿಯೇ.

ರಸ್ತೆ ಬದಿ ನಡೆಯುವಾಗ ಬ್ಯಾಗು ಗೋಡೆಯ ಕಡೆಗಿರಲಿ, ಬೈಕಿನಲ್ಲಿ ಬಂದು ಎಳೆದುಕೊಂಡು ಹೋಗುವವರಿದ್ದಾರೆ. ಮನೆಗೆ ಫೋನು ಮಾಡಲು ಲೆಕ್ಕ ಸುಲಭ, ಅಲ್ಲಿ ರಾತ್ರಿ 9 ಅಂದರೆ ಊರಲ್ಲಿ 6.30. ಅಮ್ಮ ದೀಪ ಹಚ್ಚಿ ಕೂತಿರುವ ಹೊತ್ತು, ಪುರುಸೊತ್ತಿನಲ್ಲಿ ಮಾತಾಡುತ್ತಾರೆ.

ರೈಲಿಗೆ ಟಿಕೆಟಿನ ಬದಲು ಬಳಸುವ ಟಚ್ ಅಂಡ್ ಗೋ ಕಾರ್ಡಿಗೆ ಸ್ವಲ್ಪ ಸ್ವಲ್ಪವೇ ದುಡ್ಡು ತುಂಬಿ, ಉಳಿದದ್ದು ವಾಪಸ್ ಪಡೆಯುವುದು ರಗಳೆ. ಹೊರಡುವ ಹಿಂದಿನ ದಿನ ಟಿಕೆಟಿನಲ್ಲಿ ಟರ್ಮಿನಲ್ 1 ಅಂತ ಇದೆಯೋ 2 ಅಂತ ಇದೆಯೋ ನೋಡಿ. ಎರಡರ ನಡುವೆ ನಡೆದು ಹೋಗಲು ಆಗುವುದಿಲ್ಲ, ರೈಲೋ ಬಸ್ಸೋ ಹಿಡಿಯಬೇಕು.