ಎರಡು ಕ್ಲಚ್ ಬೆಲ್ ನೀಲಿಯಾದ ಮೇಲೆ

ನನ್ನ ರಿಮೋಟ್ ಕಾರಿನ ಕ್ಲಚ್ ಬಿಚ್ಚಿ ನೋಡಿದಾಗ ಕ್ಲಚ್ ಬೆಲ್, ಅಂದರೆ ಕ್ಲಚ್ಚಿನ ಮೇಲೆ ಕೂರುವ ಉಕ್ಕಿನ ಬಟ್ಟಲು, ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಉಕ್ಕು ಹಾಗೆ ನೀಲಿಯಾಗಬೇಕಾದರೆ ಸುಮಾರು 300 ಡಿಗ್ರಿ ಕಾದಿರಬೇಕು. ಒಳಗಿನ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ ಸದ್ದು. ಒಂದೇ ತಿಂಗಳಲ್ಲಿ ಇದು ಎರಡನೆಯ ಬೆಲ್.

ನನ್ನದು ನೈಟ್ರೊ ಇಂಧನದಲ್ಲಿ ಓಡುವ ಬಗ್ಗಿ, ನಿಜವಾದ ಗಾಡಿಯ ಎಂಟನೇ ಒಂದು ಅಳತೆಯದು (1/8 ಸ್ಕೇಲ್), 3.5 ಸಿಸಿ ಎಂಜಿನ್. ಭಾನುವಾರ ಬೆಳಗ್ಗೆ ಬನಶಂಕರಿ ಆರನೇ ಹಂತದ ಕಡೆ ಖಾಲಿ ಬಿದ್ದ ಮಣ್ಣಿನ ಜಾಗದಲ್ಲಿ ಓಡಿಸುತ್ತೇನೆ. ಮೊದಲ ಐದು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಥ್ರಾಟಲ್ ಕೊಟ್ಟರೆ ಎಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಮದುವೆ ಮನೆಯಿಂದ ಹೊರಟ ನೆಂಟರ ಹಾಗೆ ಬಾಗಿಲಲ್ಲೇ ನಿಂತಿರುತ್ತಿತ್ತು. ಸದ್ದೇ ಏರದೆ ಗೊರಗೊರ ಅಂದು ಹೊಗೆ ಬಿಟ್ಟರೆ ಇಂಧನ ಜಾಸ್ತಿಯಾಗಿದೆ ಅಂತ ಅರ್ಥ. ಸದ್ದು ಏರಿ ಗಾಡಿ ಹೊರಡದಿದ್ದರೆ ಜಾರುತ್ತಿರುವುದು ಕ್ಲಚ್ಚೇ.

ಮೊದಲ ಬೆಲ್ ಹೋದಾಗ ನಾನು ಕ್ಲಚ್ಚಿನ 1.0 ಎಂಎಂ ತಂತಿಯ ಸ್ಪ್ರಿಂಗ್ ತೆಗೆದು 1.1 ಹಾಕಿದೆ. ಗಟ್ಟಿ ಸ್ಪ್ರಿಂಗ್ ಅಂದರೆ ಗಟ್ಟಿ ಹಿಡಿತ ಅಂದುಕೊಂಡಿದ್ದೆ. ಎರಡೇ ವಾರಕ್ಕೆ ಎರಡನೆಯದೂ ಸುಟ್ಟಿತು.

ಬಿಡಿಭಾಗಗಳನ್ನು ಒಂದು ಡಬ್ಬಿಗೆ ಹಾಕಿಕೊಂಡು ನಮ್ಮ ಬೀದಿಯ ಸ್ಕೂಟರ್ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಶೂಗಳನ್ನು, ಅಂದರೆ ಬೆಲ್ಲನ್ನು ಒಳಗಿನಿಂದ ಉಜ್ಜಿ ಹಿಡಿಯುವ ತುಂಡುಗಳನ್ನು, ಅಂಗೈ ಮೇಲೆ ಇಟ್ಟುಕೊಂಡು ನಕ್ಕರು. "ಸಾರ್, ಇದು ನಮ್ ಗೇರ್‌ಲೆಸ್ ಸ್ಕೂಟರ್ ಕ್ಲಚ್ಚೇ ಅಲ್ವಾ? ಸೈಜು ಸಣ್ಣದು ಅಷ್ಟೇ. ಸ್ಪ್ರಿಂಗ್ ಶೂನ ಒಳಕ್ಕೆ ಎಳೆಯುತ್ತೆ ಸಾರ್, ಹೊರಕ್ಕೆ ತಳ್ಳಲ್ಲ."

ಅಷ್ಟು ಸಾಕಾಯಿತು. ಶೂಗಳನ್ನು ಬೆಲ್ಲಿಗೆ ಒತ್ತುವುದು ಫ್ಲೈವೀಲಿನ, ಅಂದರೆ ಶೂಗಳು ಕೂತಿರುವ ಎಂಜಿನ್ ಚಕ್ರದ, ತಿರುಗುವ ವೇಗ. ಸ್ಪ್ರಿಂಗ್ ಅದಕ್ಕೆ ಅಡ್ಡ ಎಳೆಯುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಲಚ್ ತಡವಾಗಿ ಹಿಡಿಯುತ್ತದೆ, ಅದೇ ವೇಗದಲ್ಲಿ ಒತ್ತಡವೂ ಕಡಿಮೆ. ನಾನು ಕಾಯಿಲೆಗೇ ಊಟ ಹಾಕುತ್ತಿದ್ದೆ.

ಆಮೇಲೆ ಅವರು ಕೇಳಿದ್ದು, "ನಿಂತಾಗ ಗಾಡಿ ತಾನೇ ಮುಂದಕ್ಕೆ ಹೋಗುತ್ತಾ?" ಹೌದು, ಹೋಗುತ್ತಿತ್ತು. ಅದಕ್ಕೇ ರಿಮೋಟಿನಲ್ಲಿ ಥ್ರಾಟಲ್-ಬ್ರೇಕಿನ ಹದ ಮಾಡುವ ಟ್ರಿಮ್ ತಿರುಗಿಸಿ ಸದಾ ಸ್ವಲ್ಪ ಬ್ರೇಕ್ ಹಿಡಿದಿರುವ ಹಾಗೆ ಮಾಡಿದ್ದೆ. ಹೋಗುತ್ತಿದ್ದದ್ದು ಯಾಕೆ? ಐಡಲ್, ಅಂದರೆ ಥ್ರಾಟಲ್ ಕೊಡದಾಗ ಎಂಜಿನ್ ತಿರುಗುವ ವೇಗ, ಏರಿಸಿದ್ದರಿಂದ. ಐಡಲ್ ಏರಿಸಿದ್ದು ಯಾಕೆ? ನಿಂತಾಗ ಎಂಜಿನ್ ಆಫ್ ಆಗುತ್ತಿತ್ತು ಅಂತ. ಮನೆಗೆ ಬರುವಾಗ ದಾರಿಯುದ್ದಕ್ಕೂ ಇದನ್ನೇ ಹಿಂದಕ್ಕೆ ಎಣಿಸಿದೆ. ಕ್ಲಚ್ ಬೇಯುತ್ತಿದ್ದದ್ದು ಓಡುವಾಗ ಅಲ್ಲ, ನಿಂತಾಗ. ಒಳಗೆ ಶೂಗಳು ಬೆಲ್ಲನ್ನು ಉಜ್ಜುತ್ತಿವೆ, ಹೊರಗೆ ಬ್ರೇಕ್ ಬೆಲ್ಲನ್ನು ತಿರುಗಲು ಬಿಡುತ್ತಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿದೇ ಆಕ್ಸಿಲರೇಟರ್ ತಿರುಗಿಸುತ್ತಾ ನಿಲ್ಲುವವರನ್ನು ನೋಡಿದ್ದೀರಲ್ಲ, ಅದೇ ಕೆಲಸ.

ಬೇರು ಇದ್ದದ್ದು ಕಾರ್ಬುರೇಟರಿನಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಕೆಳಗಿನ ಊರಿಗೆ ಸರಿಯಾಗಿ ಹದ ಮಾಡಿದ ಸೂಜಿ (ಇಂಧನ ಬಿಡುವ ಸ್ಕ್ರೂ) ಇಲ್ಲಿ ಇಂಧನವನ್ನು ಹೆಚ್ಚಿಗೆ ಬಿಡುತ್ತದೆ, ಐಡಲಿನಲ್ಲಿ ಎಂಜಿನ್ ಮುಳುಗಿ ಆರುತ್ತದೆ. ನಾನು ಐಡಲಿನ ಇಂಧನ ನೋಡಿಕೊಳ್ಳುವ ಲೋ ಎಂಡ್ ಸೂಜಿಯನ್ನು ಮುಟ್ಟಿಯೇ ಇರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಇಂಧನದ ಪೈಪನ್ನು ಚಿವುಟಿ ಹಿಡಿದೆ. ಎರಡು ಮೂರು ಸೆಕೆಂಡಿಗೆ ಸದ್ದು ತುಸು ಏರಿ ಆರಿಹೋಗಬೇಕು. ನನ್ನದು ಎಂಟು ಸೆಕೆಂಡ್ ಓಡಿ, ಏರುತ್ತಾ ಏರುತ್ತಾ ಹೋಯಿತು: ಇಂಧನ ಜಾಸ್ತಿ ಅನ್ನುವುದಕ್ಕೆ ಅದೇ ಗುರುತು. ಸೂಜಿಯನ್ನು ಒಂದೊಂದು ಸಲ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟೇ ಬಿಗಿ ಮಾಡಿದೆ. ಮೂರನೇ ಸಲಕ್ಕೆ ಸರಿಹೋಯಿತು. ಆಮೇಲೆ ಐಡಲ್ ಇಳಿಸಿದೆ. ಗಾಡಿ ಬ್ರೇಕ್ ಇಲ್ಲದೆಯೇ ಸುಮ್ನೆ ನಿಂತಿತು. ಟ್ರಿಮ್ಮನ್ನು ಸೊನ್ನೆಗೆ ತಂದೆ.

ಕ್ಲಚ್ ಜೋಡಿಸುವ ಕೆಲಸ ಒಂದು ಸಂಜೆಯದು. ಹಳೆ 1.0 ಸ್ಪ್ರಿಂಗುಗಳು ಕಾವಿಗೆ ಸಡಿಲವಾಗಿದ್ದವು, ಅದೇ ಅಳತೆಯ ಹೊಸವನ್ನು ಹಾಕಿದೆ. ಅಲ್ಯೂಮಿನಿಯಂ ಶೂಗಳ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. 320 ನಂಬರಿನ ಉಪ್ಪುಕಾಗದದಲ್ಲಿ ಮಂಕಾಗುವವರೆಗೆ ಉಜ್ಜಿದೆ. ಹೊಸ ಬೆಲ್ಲಿನ ಒಳಮೈಯನ್ನೂ ಹಗುರವಾಗಿ ಗೀಚಿ, ಎಲ್ಲವನ್ನೂ ಬ್ರೇಕ್ ಕ್ಲೀನರಿನಲ್ಲಿ ತೊಳೆದೆ. ಎಂಜಿನ್ನಿನ ಮುಂದಿನ ಬೇರಿಂಗಿನಿಂದ ಜಿನುಗಿದ ಎಣ್ಣೆ ಶೂಗಳಿಗೆ ಅಂಟಿದ್ದು ಆಗಲೇ ಕಂಡದ್ದು. ಈಗ ತಿಂಗಳಿಗೊಮ್ಮೆ ಒರೆಸುತ್ತೇನೆ. ಬೆಲ್ಲಿನ ಒಳಗಿನ ಬೇರಿಂಗ್ ಅಳತೆ 5x10x4 ಎಂಎಂ. ಎಸ್‌ಪಿ ರಸ್ತೆ ಕಡೆ ಹೋಗಿ ಎಂಆರ್105 ಕೊಡಿ ಅಂದರೆ ಸಾಕು. ರಬ್ಬರ್ ಸೀಲ್ ಇರುವುದು ಬೇಡ, ಕಾವಿಗೆ ನಿಲ್ಲುವುದಿಲ್ಲ. ತಗಡಿನ ಮುಚ್ಚಳ ಇರುವುದೇ ಇರಲಿ. ತಪ್ಪದೆ ನೋಡಬೇಕಾದ್ದು ಇನ್ನೊಂದು: ಸ್ಕ್ರೂ ಬಿಗಿ ಮಾಡಿದ ಮೇಲೂ ಬೆಲ್ ಹಿಂದೆ ಮುಂದೆ ಅಂಚೆ ಕಾರ್ಡಿನ ದಪ್ಪದಷ್ಟು ಆಡಬೇಕು. ನಾನು ಒಂದು ವಾಷರ್ ಹೆಚ್ಚು ಹಾಕಿ ಬೆಲ್ ಆಡದ ಹಾಗೆ ಕಚ್ಚಿಸಿದ್ದೆ.

ಈಗ ಒಂದು ಟ್ಯಾಂಕ್ ಮುಗಿದ ಕೂಡಲೇ, ದೋಸೆ ಹೆಂಚಿನ ಕಾವು ನೋಡುವ ಹಾಗೆ, ಬೆಲ್ ಮೇಲೆ ಬೆರಳಿಂದ ಒಂದು ಹನಿ ನೀರು ಬಿಡುತ್ತೇನೆ. ಮೊದಲು ಹನಿ ಗುಂಡಗಾಗಿ ಕುಣಿದು ಹಾರಿಹೋಗುತ್ತಿತ್ತು. ಈಗ ಅಂಟಿಕೊಂಡು ಚುಂಯ್ ಅಂದು ಆರುತ್ತದೆ. ಬೆಲ್ ಇನ್ನೂ ಉಕ್ಕಿನ ಬಣ್ಣದಲ್ಲೇ ಇದೆ.