ಮೆಟ್ಟಿಲು, ನೀರಿನ ಕ್ಯಾನು ಮತ್ತು ಗಂಗಾಬಲ

ಕಾಶ್ಮೀರದ ನಾರಾನಾಗ್‌ನಿಂದ ಗಂಗಾಬಲ ಸರೋವರಕ್ಕೆ ಕುದುರೆ ಮಾಡಿಕೊಳ್ಳದೆ, ಡೇರೆಯನ್ನೂ ನಾಲ್ಕು ದಿನದ ಆಹಾರವನ್ನೂ ನಾನೇ ಹೊತ್ತು ಹೋಗುತ್ತೇನೆಂದಾಗ, ಮೈಸೂರಿನ ಚಾರಣದ ಗೆಳೆಯರು ನನ್ನ ಐವತ್ತೆರಡು ವರ್ಷವನ್ನೂ ಮಂಡಿನೋವನ್ನೂ ನೆನಪಿಸಿ ನಕ್ಕಿದ್ದರು. 2023ರ ಸೆಪ್ಟೆಂಬರಿನಲ್ಲಿ ಹೋಗಿಬಂದ ಮೇಲೆ ಅವರಲ್ಲೇ ಇಬ್ಬರು ತಯಾರಿಯ ವಿವರ ಕೇಳಿದರು.

ನಾರಾನಾಗ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಗಂಗಾಬಲ 3,570ರ ಆಸುಪಾಸಿನಲ್ಲಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಐದಾರು ಸಲ ಹತ್ತಿದರೆ ಅಷ್ಟು ಏರಿಕೆಯಾಗುತ್ತದೆ. ಈ ಲೆಕ್ಕವನ್ನೇ ನಂಬಿ ಮೊದಲ ವಾರದಿಂದಲೇ ಹದಿನಾಲ್ಕು ಕಿಲೋ ಮರಳಿನ ಚೀಲ ಹೊತ್ತು ಹತ್ತಿದೆ, ಹೊತ್ತೇ ಇಳಿದೆ. ಮೂರನೆಯ ವಾರಕ್ಕೆ ಬಲಮಂಡಿ ಊದಿತು. ಎರಡು ತಿಂಗಳೂ ಫಿಸಿಯೋಥೆರಪಿಗೆ ಎಂಟೊಂಬತ್ತು ಸಾವಿರ ರೂಪಾಯಿಯೂ ಹೋದವು. ಅರ್ಧ ಅಳತೆ ಚಿಕ್ಕದಾದ ದುಬಾರಿ ಬೂಟು ಇಳಿಯುವಾಗ ಹೆಬ್ಬೆರಳಿನ ಉಗುರನ್ನೂ ತೆಗೆದುಕೊಂಡಿತು.

ಮಂಡಿಯನ್ನು ಕೆಡಿಸಿದ್ದು ಹತ್ತುವಿಕೆಯಲ್ಲ, ಇಳಿಯುವಿಕೆ. ಆದ್ದರಿಂದ ಮರಳಿನ ಚೀಲ ಬಿಟ್ಟು ನೀರಿನ ಕ್ಯಾನುಗಳನ್ನು ಹೊತ್ತೆ; ಐದು ಲೀಟರಿನಿಂದ ಆರಂಭಿಸಿ ಎರಡು ವಾರಕ್ಕೆ ಒಂದು ಲೀಟರಿನಂತೆ ಏರಿಸುತ್ತಾ, ಮೇಲೆ ತಲುಪಿದೊಡನೆ ನೀರನ್ನು ಗಿಡಗಳಿಗೆ ಸುರಿದು ಖಾಲಿ ಬೆನ್ನಿನಲ್ಲಿ ಇಳಿಯುತ್ತಿದ್ದೆ. ಕೊನೆಯ ಮೂರು ವಾರ ಮಾತ್ರ ಚಾಮುಂಡಿಯ ಮೆಟ್ಟಿಲ ದಾರಿಯ ನಂದಿ ವಿಗ್ರಹದಿಂದ ಕೆಳಕ್ಕೆ ಭಾರ ಹೊತ್ತು, ಗಿಡ್ಡ ಹೆಜ್ಜೆಯಲ್ಲಿ ಇಳಿದೆ. ಕ್ಯಾನು ಅಲುಗದಂತೆ ಬೆನ್ನಿಗೆ ಕಟ್ಟುವ ಬಗೆಯನ್ನು ಇಲ್ಲಿ ಹೇಳುವುದಿಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ. ನಡುವೆ ಜನವರಿಯಲ್ಲಿ ಕುಮಾರ ಪರ್ವತವನ್ನು ಹತ್ತು ಕಿಲೋ ಹೊತ್ತು ಏರಿದ್ದೆ. ಕುಕ್ಕೆಯಿಂದ ಅದರ ಏರಿಕೆ 1,500 ಮೀಟರಿಗೂ ಹೆಚ್ಚು, ಎಂದರೆ ಗಂಗಾಬಲದ ಏರಿಕೆಗಿಂತ ಕಡಿಮೆಯೇನಲ್ಲ. ತೆಳು ಗಾಳಿಗೆ ಮಾತ್ರ ಇಲ್ಲಿ ಅಭ್ಯಾಸವಿಲ್ಲವಾದ್ದರಿಂದ ನಾರಾನಾಗ್‌ನಲ್ಲಿ ಒಂದು ರಾತ್ರಿ, ಟ್ರಂಕೋಲ್ ಹುಲ್ಲುಗಾವಲಿನಲ್ಲಿ ಇನ್ನೊಂದು ರಾತ್ರಿ ತಂಗಿದೆ.

ಆಹಾರದಲ್ಲಿಯೂ ಪ್ರಯೋಗಗಳಾದವು. ಗಂಗಾಬಲದ ಎತ್ತರದಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯುವುದು ಕಷ್ಟ, ಕುಕ್ಕರ್ ಹೊರುವುದು ಮೂರ್ಖತನ. ಬಿಸಿಲಿನಲ್ಲಿ ಒಣಗಿಸಿದ ಬಿಸಿಬೇಳೆಬಾತು ಮನೆಯಲ್ಲೇ ಜಲ್ಲಿಕಲ್ಲಿನಂತಾಯಿತು. ಗೊಜ್ಜವಲಕ್ಕಿಯೂ ರಾಗಿ ಹುರಿಹಿಟ್ಟೂ ಗೆದ್ದವು. ಹುರಿಹಿಟ್ಟಿಗೆ ಬೆಲ್ಲ, ಕೊಬ್ಬರಿ, ಹಾಲಿನ ಪುಡಿ ಸೇರಿಸಿದ ಪ್ರಮಾಣ ನನ್ನ ಹೆಂಡತಿಯದು, ಅವಳ ಅಪ್ಪಣೆಯಿಲ್ಲದೆ ಬರೆಯಲಾರೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ ಶ್ರೀನಗರದಲ್ಲಿ ಕೊಂಡೆ.

ಹರಮುಖ ಪರ್ವತದ ಹಿಮನದಿ ಎದುರಿಗಿದ್ದ ಗಂಗಾಬಲದ ದಡವನ್ನು ಹದಿಮೂರು ಕಿಲೋ ಹೊತ್ತೇ ಮುಟ್ಟಿದೆ. ನಾರಾನಾಗ್‌ಗೆ ಇಳಿಯುವ ಆ ಕಡಿದಾದ ಕಾಡುದಾರಿಯಲ್ಲೂ ಮಂಡಿ ತಕರಾರು ಮಾಡಲಿಲ್ಲ. ಕುದುರೆಯ ಬಾಡಿಗೆ ಆರೇಳು ಸಾವಿರ ಉಳಿಸಿದೆನೆಂದು ಹೇಳಿಕೊಂಡಾಗಲೆಲ್ಲ ಹೆಂಡತಿ ಫಿಸಿಯೋಥೆರಪಿಯ ರಸೀದಿಗಳನ್ನು ತಂದು ಮುಂದಿಡುತ್ತಾಳೆ.